‘ಹಿಂದೆ’ ಗುಂಡಿ

ಓದುಗರೇ ದಾರಿ ಆರಿಸುವ ಕಥೆಗಳನ್ನು ಕಟ್ಟುವ ಬಗೆ ಕುರಿತು ನಾವು ಆರು ಜನ ಸೇರಿ ಪುಸ್ತಕ ಮಾಡುತ್ತಿದ್ದೇವೆ. 2009ರಲ್ಲಿ ಬಂದ ಟ್ವೈನ್ ತಂತ್ರಾಂಶದಲ್ಲಿ ಕೋಡಿಂಗ್ ಬಾರದವರೂ ಇಂಥ ಕಥೆ ಬರೆಯಬಹುದು. ನಮ್ಮೊಳಗಿನ ಜಗಳ ಒಂದೇ: ಆಯ್ಕೆ ಬದಲಿಸಲು ‘ಹಿಂದೆ’ ಗುಂಡಿ ಇರಬೇಕೋ ಬೇಡವೋ. ನಾನು ಇರಬೇಕೆಂಬ ಪಕ್ಷ.

ರಜೆಗೆ ಬೈತಖೋಲಕ್ಕೆ ಬಂದವಳು ನನ್ನ ಮಾದರಿ ಕಥೆಯನ್ನು ಅಪ್ಪನಿಗೆ ಓದಿದೆ. ಗಾಳಿ ಎದ್ದಿದೆ, ಬಲೆ ಎಳೆಯುವುದೋ, ಕಡಿದು ಬಂದರಿಗೆ ತಿರುಗುವುದೋ?

“ಕಡಿ” ಎಂದ ಅಪ್ಪ, ಯೋಚಿಸದೆ.

“ಬೇಕಾದ್ರೆ ಹಿಂದೆ ಹೋಗಿ ಇನ್ನೊಂದು ದಾರೀನೂ ನೋಡಬಹುದು.”

“ನಾನು ಕಡಿದ ಬಲೆಯ ಸಾಲ ಎಂಟು ವರ್ಷ ತೀರಿಸ್ದೆ. ಹಿಂದೆ ಹೋಗೂಕೆ ಆಗ್ತದಾ?”

ಮನೆಯಲ್ಲಿ ಸಾಲವಿದ್ದದ್ದು ಗೊತ್ತಿತ್ತು. ಯಾವುದರದ್ದೆಂದು ನಾನು ಕೇಳಿರಲೇ ಇಲ್ಲ.

ಆ ರಾತ್ರಿ ನನ್ನ ಅಧ್ಯಾಯದ ವಾದವನ್ನು ಹಾಗೆಯೇ ಬಿಟ್ಟೆ. ದೋಣಿಯ ಕಥೆಯಲ್ಲಿ ಮಾತ್ರ ಗುಂಡಿ ತೆಗೆದೆ. ಕಾರಣವನ್ನು ಗೆಳೆಯರಿಗೆ ಇನ್ನೂ ಬರೆಯಬೇಕಿದೆ.