ಅಕ್ಕನ ಎಚ್-ಇಂಡೆಕ್ಸ್

ಅಪ್ರೈಸಲ್ ಫಾರ್ಮ್ ತುಂಬೋದ್ರಲ್ಲಿ ನಾನು ಎಕ್ಸ್‌ಪರ್ಟ್. ಎರಡು ದಿನದ ಕೆಲಸವನ್ನ ಆರು ಸಾಲಾಗಿ ಹಿಗ್ಗಿಸೋದು ಹೇಗೆ ಅಂತ ಒಂಬತ್ತು ವರ್ಷದ ಬೆಂಗಳೂರು ನೌಕರಿ ಚೆನ್ನಾಗಿ ಕಲಿಸಿದೆ. ಹಾಗಾಗಿ ಕಳೆದ ಡಿಸೆಂಬರ್‌ನಲ್ಲಿ ಮಂಗಳೂರಿಂದ ಅಕ್ಕ ಫೋನ್ ಮಾಡಿ, "ಪ್ರಮೋಷನ್ನಿನ ಫಾರ್ಮ್ ಉಂಟು ಮಾರಾಯ, ಸ್ವಲ್ಪ ನೋಡ್ತೀಯಾ?" ಅಂದಾಗ ಖುಷಿಯೇ ಆಯ್ತು.

ಅಕ್ಕ ಮೀನು ವಿಜ್ಞಾನಿ. ಎಲ್ಲಿ ಕೆಲಸ ಅಂತ ಬರೀಬೇಡ ಅಂದಿದ್ದಾಳೆ, ಬರೆಯಲ್ಲ. ಫಾರ್ಮ್‌ನಲ್ಲಿ ಮೂರು ಕಾಲಂ ಮುಖ್ಯ: ಪೇಪರ್ ಎಷ್ಟು, ಸೈಟೇಷನ್ ಎಷ್ಟು, ಎಚ್-ಇಂಡೆಕ್ಸ್ ಎಷ್ಟು. ಬೇರೆಯವರು ತಮ್ಮ ಪೇಪರ್‌ನಲ್ಲಿ ನಮ್ಮದನ್ನು ಉಲ್ಲೇಖಿಸಿದರೆ ಅದು ಸೈಟೇಷನ್. ಮೂರನೆಯದು 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಕೊಟ್ಟ ಲೆಕ್ಕ. ತಲಾ ಕನಿಷ್ಠ 11 ಸೈಟೇಷನ್ ಇರುವ 11 ಪೇಪರ್ ನಿಮಗಿದ್ದು, 12ಕ್ಕೆ 12 ಸಿಗದಿದ್ದರೆ ನಿಮ್ಮ ಎಚ್-ಇಂಡೆಕ್ಸ್ 11. ಅಕ್ಕನದು 11. ಅದೇ ಹುದ್ದೆಗೆ ಅರ್ಜಿ ಹಾಕಿದ, ಅವಳಿಗಿಂತ ಆರು ವರ್ಷ ಚಿಕ್ಕ ಹುಡುಗನದು 19.

"ಬೇರೆ ಏನೂ ಇಲ್ವಾ?" ಅಂದೆ.

ಇತ್ತು. ಹನ್ನೆರಡು ವರ್ಷ, ವಾರಕ್ಕೆರಡು ಸಲ ಧಕ್ಕೆಗೆ ಹೋಗಿ ಅಳೆದ ಬಂಗುಡೆಯ ಉದ್ದದ ಲೆಕ್ಕ. ಒಂದು ಸಾಲೂ ಪ್ರಕಟವಾಗಿಲ್ಲ.

"ನಾಲ್ಕು ನಾಲ್ಕು ವರ್ಷ ತುಂಡು ಮಾಡಿ ಮೂರು ಪೇಪರ್ ಮಾಡು. ಮೂರಕ್ಕೆ ಮೂರು ಒಂದನ್ನೊಂದು ಸೈಟ್ ಮಾಡ್ಲಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ನಾಲ್ಕು ವರ್ಷದಲ್ಲಿ ಎಂತ ಗೊತ್ತಾಗ್ತದೆ? ಸಮುದ್ರ ಒಂದು ವರ್ಷ ಜಾಸ್ತಿ ಕೊಡ್ತದೆ, ಒಂದು ವರ್ಷ ಕಡಿಮೆ. ಮೀನು ಸಣ್ಣದಾಗ್ತಾ ಉಂಟಾ ಇಲ್ವಾ ಹೇಳ್ಲಿಕ್ಕೆ ಕಾಯ್ಬೇಕು. ನೀನು ಫೋನ್ ಇಡು" ಅಂದಳು.

ಸಮಾಧಾನ ಮಾಡಬೇಕಿತ್ತು. ಮುಂದಿನ ಶುಕ್ರವಾರ ರಾತ್ರಿ ಬಸ್ ಹತ್ತಿದೆ.

ಭಾನುವಾರ ಬೆಳಗ್ಗೆ ಐದಕ್ಕೆ ಅವಳ ಜೊತೆ ಧಕ್ಕೆಯಲ್ಲಿದ್ದೆ. ಟ್ರಾಲ್ ಬೋಟುಗಳಿಂದ ಬುಟ್ಟಿ ಇಳೀತಾ ಇತ್ತು, ಹರಾಜಿನ ಕೂಗು, ಕಾಲ ಕೆಳಗೆ ಐಸ್ ನೀರು. ಅಕ್ಕ ಒಂದು ಬುಟ್ಟಿ ಆರಿಸಿ, ಒಂದೊಂದೇ ಬಂಗುಡೆಯನ್ನ ಅಳತೆಯ ಹಲಗೆ ಮೇಲಿಟ್ಟು ಬರೆದುಕೊಂಡಳು. ಕೆಲವದರ ಹೊಟ್ಟೆ ಸೀಳಿ ಮೊಟ್ಟೆ ಬಲಿತಿದೆಯಾ ನೋಡಿದಳು. ಎಷ್ಟು ಉದ್ದಕ್ಕೆ ಬರುವಾಗ ಅರ್ಧದಷ್ಟು ಮೀನು ಮೊಟ್ಟೆ ಇಡೋಕೆ ತಯಾರಾಗಿರುತ್ತವೆ ಅನ್ನೋದು ಹೀಗೆ ಗೊತ್ತಾಗುತ್ತೆ. ಅದಕ್ಕೂ ಮುಂಚೆ ಹಿಡಿದರೆ ಮುಂದಿನ ಪೀಳಿಗೆಯನ್ನೇ ಹಿಡಿದಂತೆ.

ಈ ಬಗೆಯ ಅಳತೆಯಿಂದಲೇ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಕೇರಳಕ್ಕೆ ಶಿಫಾರಸು ಕೊಟ್ಟಿದ್ದು. 2015ರಲ್ಲಿ ಕೇರಳ 14 ಜಾತಿಯ ಮೀನಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು: ಬಂಗುಡೆಗೆ 14 ಸೆಂಟಿಮೀಟರ್, ಬೂತಾಯಿಗೆ 10. ಅದರ ಹಿಂದೆ ಹೀಗೆ ಬೆಳಗಿನ ಜಾವ ಐಸ್ ನೀರಲ್ಲಿ ನಿಂತವರು ಎಷ್ಟೋ ಜನ. ಆದರೆ ಒಂದು ಸಂಖ್ಯೆ ಸರ್ಕಾರಿ ಆದೇಶದೊಳಗೆ ಹೋದರೆ ಅಳೆದವರ ಎಚ್-ಇಂಡೆಕ್ಸ್ ಏರಲ್ಲ.

ಪಕ್ಕದಲ್ಲಿ ಬಲೆ ಹೊಲೀತಿದ್ದ ವಯಸ್ಸಾದ ತಾಂಡೇಲರು ಬೆರಳ ತುದಿಯಿಂದ ಮುಂಗೈ ದಾಟಿಸಿ ತೋರಿಸಿ, "ನಮ್ಮ ಕಾಲದ ಬಂಗುಡೆ ಇಷ್ಟುದ್ದ ಇತ್ತು ಮೇಡಂ" ಅಂದರು. ಹುಡುಗರು ನಕ್ಕರು. ಅಕ್ಕ ನಗಲಿಲ್ಲ, ಪುಸ್ತಕದ ಅಂಚಲ್ಲಿ ಬರೆದುಕೊಂಡಳು.

"ಅದು ಯಾವ ಕಾಲಂಗೆ?" ಕೇಳಿದೆ.

ಚಹಾ ಕುಡೀತಾ ಒಂದು ಕತೆ ಹೇಳಿದಳು. ಕೆನಡಾದಲ್ಲಿರುವ ಡೇನಿಯಲ್ ಪಾಲಿ ಅವಳ ಕ್ಷೇತ್ರದ ಬಹಳ ದೊಡ್ಡ ಹೆಸರು. 1995ರಲ್ಲಿ ಅವರು ಒಂದೇ ಪುಟದ ಲೇಖನ ಬರೆದರು. ಪ್ರತಿ ಪೀಳಿಗೆಯ ಮೀನು ವಿಜ್ಞಾನಿಯೂ ತಾನು ಕೆಲಸಕ್ಕೆ ಸೇರಿದಾಗ ಸಮುದ್ರದಲ್ಲಿ ಎಷ್ಟಿತ್ತೋ ಅದೇ ಸಹಜ ಅಂದುಕೊಳ್ತಾನೆ, ಅದಕ್ಕೂ ಹಿಂದೆ ಕಳೆದುಹೋಗಿದ್ದು ಲೆಕ್ಕಕ್ಕೇ ಬರಲ್ಲ ಅನ್ನೋದು ಅದರ ಸಾರ. ಅದರಲ್ಲೊಂದು ಉದಾಹರಣೆ: ಸಹೋದ್ಯೋಗಿಯೊಬ್ಬರ ಅಜ್ಜ 1920ರ ದಶಕದಲ್ಲಿ ಡೆನ್ಮಾರ್ಕ್-ಸ್ವೀಡನ್ ನಡುವಿನ ಕಟ್ಟೆಗಾಟ್ ಸಮುದ್ರದಲ್ಲಿ, ನಮ್ಮ ಬಂಗುಡೆಯ ದಾಯಾದಿ ಮೀನಿಗೆ ಬಲೆ ಹಾಕ್ತಿದ್ದರಂತೆ. ಬ್ಲೂಫಿನ್ ಟ್ಯೂನಾ ಬಂದು ಸಿಕ್ಕಿಬಿದ್ದರೆ ಅವರಿಗೆ ಕಿರಿಕಿರಿ, ಯಾಕಂದ್ರೆ ಆಗ ಅದನ್ನು ಕೊಳ್ಳೋರೇ ಇರಲಿಲ್ಲ.

"ಆ ಒಂದು ಪುಟಕ್ಕೆ ಸಾವಿರಾರು ಸೈಟೇಷನ್ ಉಂಟು. ಅಜ್ಜನ ಗೊಣಗಾಟಕ್ಕೆ!" ಅಕ್ಕ ನಕ್ಕಳು. "ಅಜ್ಜಂದಿರು ಹೇಳಿದ್ದೆಲ್ಲ ನಿಜ ಅಂತಲ್ಲ. ಬರೆದಿಟ್ರೆ ಮಾತ್ರ ನಿಜವಾ ಸುಳ್ಳಾ ನೋಡ್ಲಿಕ್ಕಾಗ್ತದೆ."

ಸೈಟೇಷನ್ ಅಂದ್ರೆ ಅವಳಿಗೆ ತಾತ್ಸಾರ ಇರಬೇಕು ಅಂದುಕೊಂಡಿದ್ದೆ. ಗ್ಲಾಸ್ ಕೆಳಗಿಟ್ಟು, "ರಾತ್ರಿ ನಿದ್ದೆ ಬಾರದಿದ್ರೆ ಗೂಗಲ್ ಸ್ಕಾಲರ್ ತೆಗೆದು ನೋಡ್ತೇನೆ, ಒಂದಾದ್ರೂ ಏರಿದೆಯಾ ಅಂತ. ಯಾರೋ ಓದಿದ್ದಾರೆ ಅಂತ ಗೊತ್ತಾಗ್ಲಿಕ್ಕೆ ಬೇರೆ ದಾರಿ ಇಲ್ಲ ಅಲ್ವಾ?" ಅಂದಳು. ಪ್ರಮೋಷನ್ ಸಿಗದಿದ್ದರೆ ಮೂರು ವರ್ಷ ಕಾಯಬೇಕು. ಈ ಧಕ್ಕೆಯ ಕೆಲಸಕ್ಕೆ ಒಬ್ಬ ವಿದ್ಯಾರ್ಥಿಯನ್ನ ಕೇಳುವ ಅಧಿಕಾರವೂ ಆ ಹುದ್ದೆಯ ಜೊತೆಗೇ ಬರೋದು. ಅವಳ ಮೊಣಕಾಲು ಈಗಲೇ ಕೈಕೊಡ್ತಿದೆ. ಅವಳು ನಿಲ್ಲಿಸಿದ ದಿನ ಲೆಕ್ಕವೂ ನಿಲ್ಲುತ್ತೆ.

ಅವತ್ತು ಸಂಜೆ ಇಬ್ಬರೂ ಕೂತು ಫಾರ್ಮ್ ತುಂಬಿದೆವು. ಪೇಪರ್ ತುಂಡಾಗಲಿಲ್ಲ. "ಇತರೆ" ಅನ್ನೋ ಕಾಲಂನಲ್ಲಿ ಹನ್ನೆರಡು ವರ್ಷದ ಅಳತೆಯ ಬಗ್ಗೆ ನಾನು ಆರು ಸಾಲು ಬರೆದೆ, ಅಕ್ಕ ನಾಲ್ಕನ್ನ ಹೊಡೆದುಹಾಕಿದಳು. ಎಚ್-ಇಂಡೆಕ್ಸ್ ಮುಂದೆ 11 ಅಂತಲೇ ಬರೆದೆವು.

ರಿಸಲ್ಟ್ ಇನ್ನೂ ಬಂದಿಲ್ಲ. ನಿನ್ನೆ ಬೆಳಗ್ಗೆ ಆರಕ್ಕೆ ಅವಳಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು: ಅಳತೆಯ ಹಲಗೆ, ಮೇಲೊಂದು ಬಂಗುಡೆ. ಜೂಮ್ ಮಾಡಿ ನೋಡಿದೆ. 23 ಸೆಂಟಿಮೀಟರ್.