ಹಳೆಯದೋ, ಹೊಸದೋ?

ವೃದ್ಧರಿಗೆ ಹಳೆಯದರಲ್ಲಿಯೂ ಬಾಲಕರಿಗೆ ಹೊಸದರಲ್ಲಿಯೂ ಪಕ್ಷಪಾತವಿರುವುದು ಸ್ವಭಾವಸಿದ್ಧವೆಂದು ನಾನು ಬಹುಕಾಲ ನಂಬಿದ್ದೆನು. ಕಳೆದ ಬೇಸಗೆಯಲ್ಲಿ ಹನ್ನೊಂದು ವರುಷದ ನನ್ನ ಮೊಮ್ಮಗನು ಆ ನಂಬಿಕೆಯನ್ನು ಸಡಿಲಿಸಿದನು.

ಪರೀಕ್ಷೆಯಲ್ಲಿ ಚೆನ್ನಾಗಿ ತೇರ್ಗಡೆಯಾದರೆ ಪ್ಲೇಸ್ಟೇಷನ್ ಎಂಬ ಆಟದ ಯಂತ್ರವನ್ನು ಕೊಡಿಸುವೆನೆಂದು ಅವನಿಗೆ ಮಾತು ಕೊಟ್ಟಿದ್ದೆನು. ಅದರಲ್ಲಿಯೂ ಪೀಳಿಗೆಗಳುಂಟೆಂಬುದು ಆಗ ನನಗೆ ತಿಳಿದಿರಲಿಲ್ಲ. ನಾಲ್ಕನೆಯದು ೨೦೧೩ರಲ್ಲಿ ಹೊರಬಂದಿತು. ಐದನೆಯದು ೨೦೨೦ರಲ್ಲಿ ಹೊರಬಂದು, ೨೦೨೧ರ ಫೆಬ್ರವರಿಯಲ್ಲಿ ನಮ್ಮ ದೇಶವನ್ನು ಮುಟ್ಟಿತು. ಬಂದಾಗಲೇ ಅದರ ಬೆಲೆ ೪೯,೯೯೦ ರೂಪಾಯಿ. ನಿವೃತ್ತನಾದ ಉಪಾಧ್ಯಾಯನಿಗೆ ಇದು ಅಲ್ಪ ಮೊತ್ತವಲ್ಲ. ಒಬ್ಬರು ಬಳಸಿ ಮಾರುವ ನಾಲ್ಕನೆಯದಾದರೋ ಬಹಳ ಅಗ್ಗವಾಗಿ ದೊರೆಯುತ್ತಿತ್ತು.

ಹಣ ಸಾಲದೆಂದು ಮೊಮ್ಮಗನೆದುರು ಹೇಳಲು ನಾಚಿಕೆಯಾಯಿತು. ಆದಕಾರಣ ತತ್ತ್ವವನ್ನು ಆಶ್ರಯಿಸಿದೆನು. “ಮಗು, ಹೊಸದೆಲ್ಲ ಆಡಂಬರ, ಹಳೆಯದು ಹತ್ತು ಜನರ ಕೈಯಲ್ಲಿ ಪರೀಕ್ಷಿತವಾದುದು” ಎಂದು ಅರ್ಧ ಗಳಿಗೆ ಉಪನ್ಯಾಸ ಮಾಡಿದೆನು. ಹುಡುಗನು ಎದುರಾಡಲಿಲ್ಲ. ಮರುದಿನ ಬೆಳಿಗ್ಗೆ ಒಂದು ಹಾಳೆಯನ್ನು ತಂದು ನನ್ನ ಮುಂದಿಟ್ಟನು. ನಡುವೆ ಗೆರೆಯೆಳೆದು, ಎರಡರ ಗುಣದೋಷಗಳನ್ನೂ ಬರೆದಿದ್ದನು.

ಹೊಸದು ಆಟವನ್ನು ಕ್ಷಣಮಾತ್ರದಲ್ಲಿ ತೆರೆಯುತ್ತದೆ. ಹಳೆಯದರ ಹಾರ್ಡ್ ಡಿಸ್ಕು ತಿರುಗಿ ತಿರುಗಿ ನಿಧಾನಿಸುತ್ತದೆ. ೨೦೨೩ರ ‘ಸ್ಪೈಡರ್‌ಮ್ಯಾನ್ ೨’ ಹಳೆಯದರಲ್ಲಿ ನಡೆಯದು. ಆದರೆ ಅವನು ಆಸೆಪಟ್ಟ ಮೋಟಾರುಪಂದ್ಯದ ಆಟ, ೨೦೨೨ರ ‘ಗ್ರ್ಯಾನ್ ಟುರಿಸ್ಮೊ ೭’, ಎರಡಕ್ಕೂ ಉಂಟು. ಹೊಸದರಲ್ಲಿ ಎರಡು ಬಗೆ: ಡಿಸ್ಕು ಹಾಕುವಂಥದು, ಹಾಕಲಾಗದಂಥದು. ಎರಡನೆಯದು ಅಗ್ಗವಾದರೂ, ಗೆಳೆಯರಿಂದ ಎರವು ತಂದ ಡಿಸ್ಕಿಗೆ ಅಲ್ಲಿ ಎಡೆಯಿಲ್ಲ. ಮೊದಲನೆಯದಾದರೋ ಹಳೆಯ ಡಿಸ್ಕುಗಳಲ್ಲಿ ಬಹುಪಾಲನ್ನು ಆಡಿಸುತ್ತದೆ; ಹಳೆಯ ಯಂತ್ರ ಮಾತ್ರ ಹೊಸ ಡಿಸ್ಕನ್ನು ಓದಲಾರದು. ಇನ್ನು ಹೊಸದರ ‘ನಾಲ್ಕು ಕೆ’ ಚಿತ್ರದ ಸ್ಫುಟತೆ ನಮ್ಮ ಮನೆಯ ಹಳೆಯ ಟೆಲಿವಿಷನ್ನಿನಲ್ಲಿ ಕಾಣುವಂತಿಲ್ಲ.

ಹಳೆಯದರ ಕಡೆ ಕೊನೆಯ ಸಾಲು ಹೀಗಿತ್ತು: “ತಾತನಿಗೆ ಖರ್ಚು ಕಡಮೆ.”

ನಾನು ಮರೆಸಿದ್ದುದನ್ನು ಮಗುವು ಮೊದಲೇ ಅರಿತಿತ್ತು. ಹೇತುವಲ್ಲದಿದ್ದರೂ ಹೇತುವಿನಂತೆ ತೋರುವುದನ್ನು ಮುಂದಿಡುವುದಕ್ಕೆ ಹೇತ್ವಾಭಾಸವೆಂದು ಹೇಳಿ ಎಷ್ಟು ಹುಡುಗರನ್ನು ತಿದ್ದಿದ್ದೆನೋ! ಅಂದು ಆ ದೋಷ ನನ್ನದಾಗಿತ್ತು. ಅವನನ್ನು ಬಳಿಯಲ್ಲಿ ಕುಳ್ಳಿರಿಸಿಕೊಂಡು, ತಿಂಗಳಿಗೆ ಬರುವುದೆಷ್ಟು, ಔಷಧಕ್ಕೆಷ್ಟು, ಮನೆಗೆಷ್ಟು ಎಂಬುದನ್ನೆಲ್ಲ ಮರೆಮಾಚದೆ ಹೇಳಿದೆನು. “ಇದನ್ನು ನಿನ್ನೆಯೇ ಹೇಳಬಹುದಾಗಿತ್ತಲ್ಲ, ತಾತ” ಎಂದನು.

ಹಳೆಯದನ್ನೇ ಕೊಂಡೆವು; ಮೋಟಾರುಪಂದ್ಯವನ್ನು ಡಿಸ್ಕಿನಲ್ಲಿಯೇ ತಂದೆವು. ಮುಂದೆ ಡಿಸ್ಕು ಹಾಕುವ ಹೊಸ ಯಂತ್ರವನ್ನು ಕೊಂಡಾಗ ಅದು ವ್ಯರ್ಥವಾಗದೆಂಬುದು ಹುಡುಗನ ಲೆಕ್ಕ. ಅದಕ್ಕೋಸ್ಕರ ಒಂದು ಹುಂಡಿಯನ್ನಿಟ್ಟು, ತಿಂಗಳ ಮೊದಲ ದಿನ ಇಬ್ಬರೂ ಕೈಲಾದುದನ್ನು ಹಾಕುತ್ತಿದ್ದೇವೆ.

ಗೃಹಸ್ಥರಾದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಕೈಯಲ್ಲಿ ಹಣ ಸಾಲದಾದಾಗ ಮಕ್ಕಳಿಗೆ ಹಾಗೆಂದೇ ಹೇಳಿರಿ.