ಅಪ್ಪನ ಬಂಡಿ, ನನ್ನ ಎಕ್ಸೆಲ್ ಶೀಟು

ಅವ್ವ ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋಗೋದು ಬಿಟ್ಟು ಒಂಬತ್ತು ವರ್ಷ ಆಯ್ತು. ಭಕ್ತಿ ಕಡಿಮೆಯಾಗಿಲ್ಲ, ಮೊಣಕಾಲು ಕೈಕೊಟ್ಟಿದೆ. ಕೂತರೆ ಏಳೋಕಾಗಲ್ಲ. "ಹೊರಕಡಿಗೆ ಹೋಗೂದು ಹೆಂಗಪ್ಪಾ?" ಈ ಒಂದು ಪ್ರಶ್ನೆಗೆ ಅವಳ ಓಡಾಟವೆಲ್ಲ ನಿಂತುಹೋಗಿತ್ತು.

ಸಂಡಾಸ ಇರೋ ಗಾಡೀನೇ ತರೋಣ ಅಂತ ಬೆಂಗಳೂರಲ್ಲಿ ಕೂತು ಎಕ್ಸೆಲ್ ಶೀಟ್ ತೆರೆದೆ. ಮೂರು ಕಾಲಂ. ಕ್ಯಾರವಾನ್ ಅಂದ್ರೆ ಕಾರಿನ ಹಿಂದೆ ಕಟ್ಟಿ ಎಳೆಯೋ ಮನೆ, ಸ್ವಂತ ಎಂಜಿನ್ ಇಲ್ಲ. ಮೋಟರ್‌ಹೋಮ್ ಅಂದ್ರೆ ಬಸ್ಸು, ಲಾರಿಯ ಚಾಸಿ ಮೇಲೆ ಕಟ್ಟಿದ ಮನೆ. ಕ್ಯಾಂಪರ್‌ವ್ಯಾನ್ ಅಂದ್ರೆ ಟೆಂಪೋ ಟ್ರಾವೆಲರ್‌ನಂಥ ವ್ಯಾನಿನ ಸೀಟು ತೆಗೆದು ಹಾಸಿಗೆ, ಒಲೆ ಕೂರಿಸಿದ್ದು. ನಮ್ಮಲ್ಲಿ ಮೂರಕ್ಕೂ ಕ್ಯಾರವಾನ್ ಅಂತಲೇ ಅಂತಾರೆ, ಸಿನಿಮಾದವರ ಪುಣ್ಯ.

ನನ್ನ ಮನಸ್ಸು ಮೋಟರ್‌ಹೋಮ್ ಮೇಲಿತ್ತು. ನಿಂತು ಓಡಾಡಬಹುದು, ಸ್ನಾನದ ಮನೆ ಇದೆ, ಎಸಿ ಇದೆ. ಆ ಎಸಿ ಲೆಕ್ಕಕ್ಕೆ ಕೂತಾಗ ಮೊದಲ ಪೆಟ್ಟು ಬಿತ್ತು. 12 ವೋಲ್ಟಿನ 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರೋದು 1.2 ಯೂನಿಟ್ ಕರೆಂಟು. ಒಂದೂವರೆ ಕಿಲೋವ್ಯಾಟ್ ಎಳೆಯೋ ಎಸಿ ಅದನ್ನ ಒಂದು ಗಂಟೆಯೊಳಗೆ ಮುಗಿಸುತ್ತೆ. ಹೊರಗಿಂದ ಕರೆಂಟು ಸಿಗದೆ ಹೋದರೆ 40 ಡಿಗ್ರಿ ದಾಟೋ ನಮ್ಮ ಯಾದಗಿರಿ ಬೇಸಿಗೇಲಿ ಅದು ತಗಡಿನ ಡಬ್ಬ. ಹೋಗೋದಾದರೆ ಚಳಿಗಾಲದಲ್ಲೇ.

ಎರಡನೇ ಪೆಟ್ಟು ಕೊಟ್ಟಿದ್ದು ಅಪ್ಪ. ಫೋನಿನಲ್ಲಿ ಕೇಳಿದ್ದು ಒಂದೇ ಮಾತು: "ನಮ್ಮ ಓಣ್ಯಾಗ ತಿರುಗತದೇನೋ ಅದು?"

ಮುದನಾಳದ ನಮ್ಮ ಓಣಿ ನೆನಪಾಯ್ತು. ಎರಡು ಬಂಡಿ ಎದುರಾದರೆ ಒಂದು ಹಿಂದೆ ಸರೀಬೇಕು. ಬಸ್ಸಿನಗಲದ ಮನೆಗೆ ಅಲ್ಲಿ ದಾರಿಯೇ ಇಲ್ಲ. ಊರ ಹೊರಗೆ ನಿಲ್ಲಿಸಿದರೆ ಅವ್ವ ಅಲ್ಲಿತನಕ ನಡೀಬೇಕು. ಅದೂ ಅಲ್ಲದೆ ಮೋಟರ್‌ಹೋಮಲ್ಲಿ ಹಾಲು ತರೋಕೂ ಇಡೀ ಮನೇನೇ ಹೊರಡಿಸಬೇಕು.

ಹಾಗಾದ್ರೆ ಕ್ಯಾರವಾನ್? ಕಳಚಿಟ್ಟು ಬರೀ ಕಾರಲ್ಲಿ ತಿರುಗಬಹುದು. ಆದರೆ ರಿವರ್ಸ್ ತಗೊಳೋವಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಟ್ರೇಲರ್ ಹಿಂಭಾಗ ಎಡಕ್ಕೆ ಹೋಗುತ್ತೆ, ತಲೆ ಕೆಟ್ಟುಹೋಗುತ್ತೆ ಅಂತ ಅಪ್ಪನಿಗೆ ವಿವರಿಸಿದೆ. ಅಪ್ಪ ನಕ್ಕ. "ಅದರಾಗೇನದ ತಮ್ಮಾ? ಬಂಡಿ ಹಿಂದ ಸರಿಸೂವಾಗ ನೊಗ ಬಲಕ್ಕ ಹೊಂಟ್ರ ಬಂಡಿ ಹಿಂದ ಎಡಕ್ಕೇ ಹೋಗ್ತದ. ನಿನಗ ಬರಲ್ಲ ಅನ್ನು."

ನಿಜ. ಕಮಾನು ಬಂಡಿ ನಮ್ಮ ಮೊದಲ ಕ್ಯಾರವಾನ್. ಭೀಮಾ ದಾಟಿ, ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡುತ್ತಾ, ಸುರಪುರ ಹಾದು ಕೃಷ್ಣೆಯ ದಂಡೆಗೆ. ಮೂರು ದಿನದ ದಾರಿ ಅಂತಿದ್ದಳು ಆಯಿ. ಎತ್ತು ಬಿಚ್ಚಿದ ಕಡೆಯೇ ಮನೆ, ಮೂರು ಕಲ್ಲಿಟ್ಟರೆ ಒಲೆ.

ಉಳಿದಿದ್ದು ಕ್ಯಾಂಪರ್‌ವ್ಯಾನ್. ಓಣಿಯಲ್ಲಿ ಹಿಡಿಸುತ್ತೆ. ಸ್ವಂತ ವ್ಯಾನನ್ನ ಹಾಗೆ ಬದಲಾಯಿಸೋಣ ಅಂದ್ರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಒಪ್ಪಿಗೆ ಇಲ್ಲದೆ ಗಾಡಿಯ ಮೂಲ ಸ್ವರೂಪ ಮುಟ್ಟೋ ಹಾಗಿಲ್ಲ. ವರ್ಷಕ್ಕೊಂದು ಜಾತ್ರೆಗೆ ಸಾಲ ಮಾಡೋದೂ ಹುಚ್ಚು. ಬಾಡಿಗೆ ಅಂತ ತೀರ್ಮಾನಿಸಿ, ಒಳಗಿನ ಫೋಟೋಗಳನ್ನ ಖುಷಿಯಿಂದ ಅವ್ವನಿಗೆ ವಾಟ್ಸ್ಯಾಪ್ ಮಾಡಿದೆ.

ತಕ್ಷಣ ಫೋನು. "ಅಡಗಿ ಮಾಡೂ ಮಗ್ಗಲದಾಗ ಸಂಡಾಸೇನು?"

ಯಾವ ಕಾಲಂನಲ್ಲೂ ಇಲ್ಲದ ಪ್ರಶ್ನೆ. ಒಲೆ ಹೊರಗಿಡೋಣ, ಬಂಡಿ ಕಾಲದ ಹಾಗೆ ಅಂದೆ. ಅದಕ್ಕೆ ಒಪ್ಪಿದಳು. ಸ್ವಲ್ಪ ತಡೆದು, ದನಿ ತಗ್ಗಿಸಿ ಕೇಳಿದಳು: "ಮತ್ತ ಅದನ್ನ ಯಾರು ಚೆಲ್ಲತಾರ?"

ಸಂಡಾಸದ ಕೆಳಗೆ ಹೊರಗೆಳೆಯೋ ಡಬ್ಬಿ ಇರುತ್ತೆ, 20 ಲೀಟರಿನ ಆಸುಪಾಸು. ನಿತ್ಯ ಟಾಯ್ಲೆಟ್ಟಿಗೆ ಒಯ್ದು ಸುರಿದು ತೊಳೀಬೇಕು. ಬಾಡಿಗೆಯವರು "ಡ್ರೈವರ್ ಮಾಡ್ತಾನೆ ಬಿಡಿ ಸರ್" ಅಂದಿದ್ದರು. ಅವ್ವನ ಭಯ ಅದೇ ಆಗಿತ್ತು. ತನಗೋಸ್ಕರ ಇನ್ನೊಬ್ಬರ ಮಗ ಆ ಕೆಲಸ ಮಾಡೋದಾದರೆ ಅವಳಿಗೆ ಜಾತ್ರೆಯೇ ಬೇಡ.

"ನಾನೇ ಚೆಲ್ಲತೀನವ್ವ."

"ನೀನಾ?"

"ಸಣ್ಣಾಂವಿದ್ದಾಗ ನಂದು ಯಾರು ಬಳೀತಿದ್ರು?"

ಅವ್ವ ಮಾತಾಡಲಿಲ್ಲ. ಆಮೇಲೆ ಫೋನು ಅಪ್ಪನ ಕೈಗೆ ಹೋಯ್ತು. ವ್ಯಾನಿನ ಮೆಟ್ಟಿಲು ಎಷ್ಟು ಎತ್ತರ ಅಂತ ಕೇಳಿದ. ಹದಿನಾಲ್ಕು ಇಂಚು ಅಂದೆ. ಈಗ ದಿನಾ ಸಂಜೆ ಮನೆ ಮುಂದಿನ ಕಟ್ಟಿ ಹತ್ತಿರ ಎರಡು ಇಟ್ಟಂಗಿ ಇಟ್ಟು, ಅಪ್ಪನ ಹೆಗಲು ಹಿಡಿದು ಅವ್ವ ಹತ್ತಿ ಇಳೀತಾಳಂತೆ.